ನಾಲ್ಕು ನಿಮಿಷ ಕಾಯೋಕಾಗಲ್ವಾ?

ದೇಶದ ಕಾಫಿಯಲ್ಲಿ ಶೇ. 70ರಷ್ಟು ಬೆಳೆಯೋದು ನಮ್ಮ ಕರ್ನಾಟಕದಲ್ಲೇ. ನನ್ನ ರೂಮ್‌ಮೇಟ್‌ದು ಮೂಡಿಗೆರೆ ಕಡೆ, ಮನೆ ಸುತ್ತ ಕಾಫಿ ತೋಟ. ಆದ್ರೂ ಹಾಸ್ಟೆಲಲ್ಲಿ ನಾವಿಬ್ಬರೂ ಕುಡೀತಿದ್ದದ್ದು ಸ್ಯಾಶೆ ಇನ್‌ಸ್ಟಂಟ್! ನಾಚಿಕೆಯಾಗಿ, ದುಡ್ಡು ಸೇರಿಸಿ ಒಂದು ಫ್ರೆಂಚ್ ಪ್ರೆಸ್ ತಂದ್ವಿ.

ನನ್ನ ಪ್ರಕಾರ ಹಾಸ್ಟೆಲಿಗೆ ಇದಕ್ಕಿಂತ ಒಳ್ಳೆ ಸಾಧನ ಇಲ್ಲ. ಸ್ಟವ್ ಬೇಡ, ಪೇಪರ್ ಫಿಲ್ಟರ್ ಬೇಡ. ಕೆಟಲ್ ಸಾಕು (ವಾರ್ಡನ್ ಕ್ಷಮಿಸಲಿ). 15 ಗ್ರಾಂ ಪುಡಿಗೆ 225 ಮಿ.ಲೀ. ನೀರು. ಕುದಿಸಿ, ಅರ್ಧ ನಿಮಿಷ ಬಿಟ್ಟು ಸುರಿಯಿರಿ. ನಾಲ್ಕು ನಿಮಿಷ ಕಾದು ನಿಧಾನಕ್ಕೆ ಒತ್ತಿ, ಕೂಡಲೇ ಬಗ್ಗಿಸಿಕೊಳ್ಳಿ. ಅಲ್ಲೇ ಬಿಟ್ಟರೆ ಕಹಿಯಾಗುತ್ತೆ. ಪುಡಿ ಮಾತ್ರ ರವೆಯಂತೆ ತರಿತರಿಯಾಗಿರಲಿ, ಚಿಕೋರಿ ಬೇಡ. ನುಣ್ಣನೆ ಫಿಲ್ಟರ್ ಪುಡಿ ಹಾಕಿದ್ರೆ ಜಾಲರಿ ದಾಟಿ ಲೋಟದ ತಳದಲ್ಲಿ ಬರೀ ಗಸಿ. ಊರಿಗೆ ಹೋಗುವಾಗ ಗಾಜಿನದು ಬೇಡ, ಸ್ಟೀಲ್ ಪ್ರೆಸ್ ಜೊತೆಗೆ ಫ್ಲಾಸ್ಕಲ್ಲಿ ಬಿಸಿನೀರು ಇಟ್ಕೊಳ್ಳಿ.

"ಟೈಮ್ ಎಲ್ಲಿದೆ ಗುರು?" ಅಂತೀರಾ? ಒಂದು ರೀಲ್ಸ್ ಶುರು ಮಾಡಿದ್ರೆ ಅರ್ಧ ಗಂಟೆ ಹೋಗುತ್ತಲ್ಲ!

ಮನೆಯಿಂದ ತಂದ ಬೀಜ ಪುಡಿ ಮಾಡಿಸಿ, ಮೊದಲ ಸಲ ಹಾಲು-ಸಕ್ಕರೆ ಇಲ್ಲದೆ ಕುಡಿದ ದಿನ ಅವನು ಸುಮ್ಮನೆ ಕೂತಿದ್ದ. ಆಮೇಲೆ ಅಂದ: "ಅಪ್ಪ ಬೆಳೆಯೋದರ ರುಚಿ ಏನು ಅಂತ ಇವತ್ತು ಗೊತ್ತಾಯ್ತು ಕಣೋ."