ಶೀಲ್ಡ್‌ಗೆ ಮೊದಲು ಒಂದು ಪಿನ್ ಪಟ್ಟಿ

ಪ್ರಾಜೆಕ್ಟ್ ಸಮಯ ಬಂದ್ರೆ ಸಾಕು, ಕಾರಿಡಾರ್‌ನಲ್ಲಿ ಒಂದು ಮಾತು ಕೇಳಿಸುತ್ತೆ: "ಆರ್ಡುಯಿನೋಗೆ ನಮ್ಮದೇ ಒಂದು ಶೀಲ್ಡ್ ಮಾಡೋಣ ಕಣ್ರೋ!" ಒಳ್ಳೆ ಆಸೆನೇ. ಆದರೆ ಮರುಕ್ಷಣವೇ ಲ್ಯಾಪ್‌ಟಾಪ್ ತೆರೆದು ಸರ್ಕ್ಯೂಟ್ ಎಳೆಯೋಕೆ ಕೂತುಬಿಡ್ತೀವಲ್ಲ, ನನ್ನ ತಕರಾರು ಅಲ್ಲೇ ಇರೋದು. ಮೊದಲು ಬೇಕಾಗಿರೋದು ಒಂದು ಹಾಳೆ, ಒಂದು ಪೆನ್ನು. ನಮ್ಮ ಬೋರ್ಡ್ ಯಾವ ಯಾವ ಪಿನ್ ಹಿಡಿಯುತ್ತೆ, ಅದರ ಮೇಲೆ ಇನ್ನೊಂದು ಬೋರ್ಡ್ ಕೂತರೆ ಏನಾಗುತ್ತೆ ಅಂತ ಬರೆದಿಡೋಕೆ.

ಶೀಲ್ಡ್‌ಗಳ ಬದುಕು ವಠಾರದ ಬದುಕು. ನಲ್ಲಿ ಒಂದೇ, ಬಿಂದಿಗೆ ಹಲವು. ಊನೋ ಬೋರ್ಡ್‌ನಲ್ಲಿ ಇರೋದು 14 ಡಿಜಿಟಲ್ ಪಿನ್. 0 ಮತ್ತು 1 ಯುಎಸ್‌ಬಿ ಮೂಲಕ ಪ್ರೋಗ್ರಾಮ್ ಹಾಕೋಕೆ ಬೇಕು. ಎತರ್‌ನೆಟ್ ಶೀಲ್ಡ್ ಕೂರಿಸಿದ್ರೆ 10ರಿಂದ 13 ಹೋಯ್ತು, ಅದರ ಎಸ್‌ಡಿ ಕಾರ್ಡ್‌ಗೆ 4 ಹೋಯ್ತು. ಉಳಿದದ್ದು ಏಳೇ ಪಿನ್.

ಈಗ ಅದರ ಮೇಲೆ ಎಸ್.ಪಿ. ರೋಡ್‌ನಲ್ಲಿ ಸಿಗೋ ಎಲ್293ಡಿ ಮೋಟಾರ್ ಶೀಲ್ಡ್ ಇಟ್ಟು ನೋಡಿ. ಅದು ಅಡಾಫ್ರೂಟ್ ಕಂಪನಿಯ ಮೊದಲ ಮೋಟಾರ್ ಶೀಲ್ಡ್‌ನ ನಕಲು. ಅದಕ್ಕೂ 4, 11, 12 ಬೇಕು. ಎರಡೂ ಬೋರ್ಡ್ ಬೇರೆ ಬೇರೆಯಾಗಿ ಚೆನ್ನಾಗೇ ಓಡುತ್ತವೆ, ಜೊತೆಗಿಟ್ರೆ ಜಗಳ. ಅಡಾಫ್ರೂಟ್‌ನವರು ಎರಡನೇ ಆವೃತ್ತಿಯಲ್ಲಿ ಇಡೀ ಯೋಚನೆಯನ್ನೇ ಬದಲಿಸಿದ್ರು. ಐ2ಸಿಯ ಎರಡೇ ತಂತಿಯಲ್ಲಿ ಡಿಸಿ ಮೋಟಾರ್‌ಗಳೆಲ್ಲ ಓಡ್ತವೆ. ವಿಳಾಸ ಬದಲಿಸೋಕೆ ಐದು ಸೋಲ್ಡರ್ ಜಂಪರ್ ಇವೆ, ಹಾಗಾಗಿ 32 ಬೋರ್ಡ್‌ವರೆಗೂ ಒಂದರ ಮೇಲೊಂದು ಜೋಡಿಸಬಹುದು. ಪ್ಲಾನಿಂಗ್ ಅಂದ್ರೆ ಇದು.

"ನಮ್ಮದು ಒಂದೇ ಬೋರ್ಡ್, ಡೆಮೋ ಆದ್ರೆ ಸಾಕು, ಇಷ್ಟೆಲ್ಲ ಯಾಕೆ?" ಅಂತ ಕೇಳಬಹುದು. ಮಾರ್ಕ್ಸ್‌ಗೆ ಅಷ್ಟು ಸಾಕು, ಒಪ್ಪಿದೆ. ಆದರೆ ಹಾರ್ಡ್‌ವೇರ್‌ನಲ್ಲಿ ಒಮ್ಮೆ ಮಾಡಿದ್ದು ಸುಲಭಕ್ಕೆ ಅಳಿಯಲ್ಲ. ಊನೋದಲ್ಲಿ 7 ಮತ್ತು 8ನೇ ಪಿನ್ ನಡುವೆ 0.1 ಇಂಚಿನ ಬದಲು 0.16 ಇಂಚು ಅಂತರ ಇದೆ. ಶುರುವಿನಲ್ಲಿ ಆದ ತಪ್ಪು ಅದು. ಅದು ಗೊತ್ತಾಗೋ ಹೊತ್ತಿಗೆ ಆ ಅಳತೆಗೆ ಶೀಲ್ಡ್‌ಗಳು ಬಂದಾಗಿತ್ತು, ತಿದ್ದಿದ್ರೆ ಅವೆಲ್ಲ ಕೂರ್ತಾ ಇರಲಿಲ್ಲ. ಹಾಗಾಗಿ ಇವತ್ತಿಗೂ ಝೀರೋ ಪಿಸಿಬಿ ತುಂಡು ಊನೋ ಮೇಲೆ ನೇರವಾಗಿ ಕೂರಲ್ಲ.

ಹಾಳೆಯಲ್ಲಿ ಪಿನ್ ಜೊತೆಗೆ ಇನ್ನೂ ಮೂರು ಸಾಲು ಇರಲಿ.

ಒಂದು, ವೋಲ್ಟೇಜ್. ಊನೋ 5 ವೋಲ್ಟ್, ಡ್ಯೂ ಮತ್ತು ಇಎಸ್‌ಪಿ32 3.3 ವೋಲ್ಟ್. ಕೆಳಗಿನ ಬೋರ್ಡ್ ಯಾವುದು ಅಂತ ಶೀಲ್ಡ್‌ಗೆ ತಿಳಿಸೋಕೇ ಐಒರೆಫ್ ಪಿನ್ ಇದೆ. ಅದನ್ನ ಬಳಸಿ.

ಎರಡು, ಕರೆಂಟ್. ಊನೋ ಆರ್3ರ 3.3 ವೋಲ್ಟ್ ಪಿನ್ ಕೊಡೋದು 50 ಮಿಲಿಆಂಪ್ ಮಾತ್ರ. ಸಿಮ್800 ಥರದ ಜಿಎಸ್‌ಎಂ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಕ್ಷಣಮಾತ್ರಕ್ಕೆ 2 ಆಂಪ್‌ವರೆಗೂ ಎಳೆಯುತ್ತೆ. ಅದಕ್ಕೆ ಬೇರೆ ಸಪ್ಲೈ ಬೇಕೇ ಬೇಕು.

ಮೂರು, ಮೆಗಾದಲ್ಲಿ ಕೂತೀತಾ? ಅಲ್ಲಿ ಎಸ್‌ಪಿಐ ಇರೋದು 50ರಿಂದ 53ರಲ್ಲಿ. ಆರು ಪಿನ್ನಿನ ಐಸಿಎಸ್‌ಪಿ ಹೆಡರ್‌ನಿಂದ ಎಸ್‌ಪಿಐ ತಗೊಂಡ್ರೆ ಎರಡರಲ್ಲೂ ನಡೆಯುತ್ತೆ.

ಇಷ್ಟು ಬರೆದ ಮೇಲೆ ಎಷ್ಟೋ ಸಲ ಶೀಲ್ಡೇ ಬೇಡ ಅನ್ನಿಸಬಹುದು. ಒಂದು ಸೆನ್ಸರ್‌ಗೋಸ್ಕರ ಊನೋದಷ್ಟು ಅಗಲದ ಬೋರ್ಡ್ ಯಾಕೆ? ನಾಲ್ಕು ತಂತಿಯ ಪುಟ್ಟ ಐ2ಸಿ ಬೋರ್ಡ್ ಸಾಕು, ಪಿಸಿಬಿ ದುಡ್ಡೂ ಉಳಿಯುತ್ತೆ.

ನಮ್ಮ ಎಲೆಕ್ಟ್ರಾನಿಕ್ಸ್ ಕ್ಲಬ್‌ಗೆ ನನ್ನ ಸಲಹೆ ಇಷ್ಟೇ: ಪಿನ್ ಪಟ್ಟಿ ಇಲ್ಲದ ಬೋರ್ಡ್‌ಗೆ ಕ್ಲಬ್ ದುಡ್ಡಲ್ಲಿ ಪಿಸಿಬಿ ಆರ್ಡರ್ ಬೇಡ. ಪಟ್ಟಿ ಇದ್ರೆ ಅದನ್ನ ಬೋರ್ಡ್ ಹಿಂಬದಿಯಲ್ಲೇ ಪ್ರಿಂಟ್ ಮಾಡಿಸಿ, ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಲ್ಯಾಬ್ ಬೀರುವಿನಲ್ಲಿ ಸೀನಿಯರ್ಸ್ ಮಾಡಿಟ್ಟು ಹೋದ ಬೋರ್ಡ್ ಕೈಗೆ ಸಿಕ್ಕಿದಾಗ ಯಾವ ಪಿನ್ ಯಾವುದಕ್ಕೆ ಅಂತ ಗೊತ್ತಾಗದಿದ್ರೆ ಅದು ಬರೀ ಹಸಿರು ಪ್ಲೇಟು. ಗೊತ್ತಾದ್ರೆ, ಜೂನಿಯರ್ಸ್ ಅಲ್ಲಿಂದಲೇ ಮುಂದಿನ ಕೆಲಸ ಶುರು ಮಾಡ್ತಾರೆ.