ನಳ ಇದೆ, ನೀರೆಲ್ಲಿ?

ಹಿರಿಯರು ಖಾನೇಸುಮಾರಿ ಎನ್ನುತ್ತಿದ್ದ ಜನಗಣತಿಯ ಅಂಕಿಗಳಿಂದ ಹುಬ್ಬಳ್ಳಿ-ಧಾರವಾಡದ ವಾರ್ಡುಗಳನ್ನು ಹೋಲಿಸುವ ಕಾಲ ಮತ್ತೆ ಬಂದಿದೆ. 2021ರಲ್ಲಿ ಆಗಬೇಕಾಗಿದ್ದ ಗಣತಿ ಆಗಲಿಲ್ಲ. 2025ರ ಜೂನ್ ತಿಂಗಳ ಸರಕಾರಿ ಪ್ರಕಟಣೆಯು 2027ರ ಮಾರ್ಚ್ 1ನ್ನು ಎಣಿಕೆಯ ದಿನವೆಂದು ಗೊತ್ತುಮಾಡಿದೆ. ಇಂಥ ಹೋಲಿಕೆ ಬೇಡವೆನ್ನುವವರು ನಾವಲ್ಲ. ಯಾವ ಓಣಿಗೆ ಗಟಾರವಿಲ್ಲವೆಂದು ಅಂಕಿಯಲ್ಲಿ ತೋರಿಸದೆ ಬಡವನ ಮಾತನ್ನು ಯಾವ ಕಚೇರಿಯೂ ಕೇಳದು. ಆದರೆ ಗಣತಿ ಏನನ್ನು ಕೇಳಿತು, ಏನನ್ನು ಬಿಟ್ಟಿತು ಎಂಬುದನ್ನು ಮೊದಲು ನೋಡಬೇಕು.

2011ರ ಗಣತಿ ಕುಡಿಯುವ ನೀರಿನ ಮೂಲ ಯಾವುದು, ಅದು ಮನೆಯ ಆವರಣದಲ್ಲಿದೆಯೋ, ಸಮೀಪವೋ, ದೂರವೋ ಎಂದು ಕೇಳಿತು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಲಿಲ್ಲ. ಆಗ ಅವಳಿ ನಗರದ 67 ವಾರ್ಡುಗಳಲ್ಲಿ 8ಕ್ಕೆ ಮಾತ್ರ, ವಿಶ್ವಬ್ಯಾಂಕಿನ ನೆರವಿನ ಯೋಜನೆಯಿಂದ, ಹಗಲಿರುಳು ನೀರಿತ್ತು. ಉಳಿದವರು ದಿನಗಟ್ಟಲೆ ಕಾದು ಕೊಡ, ಡ್ರಮ್ಮು ತುಂಬಿಟ್ಟುಕೊಳ್ಳುತ್ತಿದ್ದರು. ಅಂಗಳದಲ್ಲಿ ನಳವಿದ್ದರೆ ಕೋಷ್ಟಕದಲ್ಲಿ ಇಬ್ಬರೂ ಒಂದೇ!

ಒಂದೇ ಅಲ್ಲವೆಂಬುದಕ್ಕೆ ಸಾಕ್ಷಿಯಿದೆ. 2010-11ರಲ್ಲಿ ಸಂಶೋಧಕರು ಎರಡೂ ಬಗೆಯ ವಾರ್ಡುಗಳ ನಳದ ನೀರನ್ನು ಪರೀಕ್ಷಿಸಿದರು. ಬಿಟ್ಟು ಬಿಟ್ಟು ನೀರು ಬರುವಲ್ಲಿ ನೂರಕ್ಕೆ ಸುಮಾರು 32 ಮಾದರಿಗಳಲ್ಲಿ ಮಲದೊಡನೆ ಬರುವ ಇ. ಕೋಲಿ ಕ್ರಿಮಿ ಸಿಕ್ಕಿತು. ಸದಾ ನೀರಿರುವಲ್ಲಿ ನೂರಕ್ಕೆ ಒಂದೂ ಇಲ್ಲ. ನೀರು ನಿಂತ ಪೈಪಿನ ಬಿರುಕಿನಲ್ಲಿ ಹೊರಗಿನ ಹೊಲಸು ಒಳಗಿಳಿಯುತ್ತದೆ. ಕೂಸಿನ ಹೊಟ್ಟೆ ಕೆಡಲು ಇಂಥ ನೀರೂ ಒಂದು ಕಾರಣವಾಗಬಹುದು.

ನಮ್ಮ ಶಲವಡಿಯಂಥ ಹಳ್ಳಿಗಳಿಗೂ ಇದರಲ್ಲಿ ಪಾಲುಂಟು. ಅದೇ ಗಣತಿ ಪಟ್ಟಣದಲ್ಲಿ 100 ಮೀಟರ್ ದಾಟಿದ ನೀರನ್ನು ದೂರವೆಂದಿತು. ಹಳ್ಳಿಯಲ್ಲಿ 500 ಮೀಟರಿನವರೆಗೂ ಸಮೀಪವೆಂದಿತು. ಶಲವಡಿಯ ಹೆಣ್ಣುಮಗಳ ತಲೆಯ ಮೇಲಿನ ಕೊಡ ಹಗುರವೇನು? ಅವಳೇ ಕೂಲಿಗಾಗಿ ಹುಬ್ಬಳ್ಳಿ ಸೇರಿದರೆ ಅದೇ 400 ಮೀಟರಿನ ನಡಿಗೆ ಕಾಗದದ ಮೇಲೆ ದೂರವಾಗುತ್ತದೆ.

ಇನ್ನು ವಾರ್ಡಿನ ಸರಾಸರಿ. ಒಂದೇ ವಾರ್ಡಿನಲ್ಲಿ ಬಂಗಲೆಯೂ ಇದೆ, ತಗಡಿನ ಗುಡಿಸಲೂ ಇದೆ. ಕೂಡಿಸಿ ಭಾಗಿಸಿದರೆ ಗುಡಿಸಲು ಮಾಯ. ಮೇಲಾಗಿ 67 ವಾರ್ಡು ಈಗ 82 ಆಗಿವೆ. ಹಳೆಯ ವಾರ್ಡಿನ ಅಂಕಿಯ ಪಕ್ಕದಲ್ಲಿ ಹೊಸ ವಾರ್ಡಿನದನ್ನಿಟ್ಟು ಪ್ರಗತಿ ಸಾರುವವರಿಗೆ ಗಡಿಯ ನಕ್ಷೆ ತೋರಿಸಿರೆಂದು ಕೇಳಬೇಕು.

ಓಣಿವಾರು ಕೋಷ್ಟಕ ಪ್ರಕಟವಾಗಲೆಂದು ನಾವು ಒತ್ತಾಯಿಸುತ್ತೇವೆ. ಅದಕ್ಕೆ ಕಾಯುತ್ತ ಕೂಡ್ರುವುದು ಬೇಡ. ಪ್ರತಿ ಓಣಿಯ ಕಾರ್ಯಕರ್ತರು ಒಂದು ತಿಂಗಳು ನೀರು ಬಂದ ದಿನ, ಬಂದ ಗಂಟೆ, ನಿಂತ ಗಂಟೆಗಳನ್ನು ನೋಟುಬುಕ್ಕಿನಲ್ಲಿ ಬರೆದು, ಒಂದು ಪ್ರತಿಯನ್ನು ಪಾಲಿಕೆಯ ಸದಸ್ಯರಿಗೂ ಇನ್ನೊಂದನ್ನು ನಮಗೂ ಮುಟ್ಟಿಸಲಿ.