ನಾಗದೋಣಿಯ ಪಂದ್ಯವೂ ದಾನಧರ್ಮವೂ

ಸೂರ್ಯೋದಯಕ್ಕೆ ಮುಂಚೆ ಸ್ಕಂದಗಿರಿಯ ನೆತ್ತಿಯನ್ನೇರಿದವರು ಕೆಳಗೆ ಒಂದು ಸಮುದ್ರವನ್ನೇ ಕಂಡೆವೆಂದು ಹೇಳುವುದುಂಟು. ಅದು ಮೋಡಗಳ ಸಮುದ್ರ. ಬಿಸಿಲೇರುತ್ತಲೇ ಕರಗಿಹೋಗಿ, ಹೊಲಗಳೂ ದ್ರಾಕ್ಷಿಯ ತೋಟಗಳೂ ಕಾಣತೊಡಗುತ್ತವೆ. ನಿಜವಾದ ನೀರಿನ ವಿಷಯದಲ್ಲಿ ನಮ್ಮದು ಬಡಸೀಮೆ. ಉತ್ತರ ಪಿನಾಕಿನಿಯು ಇಲ್ಲಿಯ ಬೆಟ್ಟಸಾಲಿನಲ್ಲೇ ಹುಟ್ಟಿದರೂ, ದೋಣಿ ತೇಲುವಷ್ಟು ನೀರನ್ನು ತವರಿಗೆ ಉಳಿಸಿ ಹೋಗುವವಳಲ್ಲ. ಇಂತಹ ಸೀಮೆಯ ವಾಚಕರಿಗೆ ಈ ತಿಂಗಳು ದೋಣಿಯ ಪಂದ್ಯದ ಮಾತನ್ನು ಹೇಳಹೊರಟಿರುವುದು ವಿಚಿತ್ರವಾಗಿ ತೋರಬಹುದು. ಆದರೆ ವಿಷಯವು ನೀರಿಗಿಂತಲೂ ಮನೆಗೇ ಹೆಚ್ಚು ಸಂಬಂಧಪಟ್ಟುದು; ಆದುದರಿಂದ ವಾಚಕರು, ಅದರಲ್ಲಿಯೂ ಸೋದರಿಯರು, ಕಡೆಯವರೆಗೆ ಓದಬೇಕೆಂದು ಪ್ರಾರ್ಥಿಸುತ್ತೇವೆ.

ಚೀನಾ ದೇಶದಲ್ಲಿ ಐದನೆಯ ಚಾಂದ್ರಮಾಸದ ಐದನೆಯ ದಿನ ದೋಣಿಯ ಪಂದ್ಯಗಳನ್ನು ನಡೆಯಿಸುವುದು ಪುರಾತನ ಸಂಪ್ರದಾಯ. ಚು ಎಂಬ ರಾಜ್ಯದಲ್ಲಿ ಮಂತ್ರಿಯೂ ಕವಿಯೂ ಆಗಿದ್ದ ಚ್ಯು ಯುವಾನ್ ಎಂಬಾತನು ಮಿಲುವೋ ನದಿಯಲ್ಲಿ ಮುಳುಗಿ ಪ್ರಾಣಬಿಟ್ಟಾಗ, ಅವನನ್ನು ಉಳಿಸಬೇಕೆಂದು ಜನರು ದೋಣಿಗಳನ್ನು ನಡೆಯಿಸಿಕೊಂಡು ಧಾವಿಸಿದರೆಂಬುದು ಐತಿಹ್ಯ. ಅದರಂತೆ ನೋಡಿದರೆ ಈ ಆಟವು ಗೆಲ್ಲುವ ಆಸೆಯಿಂದ ಹುಟ್ಟಿದುದಲ್ಲ. ಒಂದು ಜೀವವನ್ನು ಉಳಿಸುವ ಆತುರದಿಂದ ಹುಟ್ಟಿದುದು. ದೋಣಿಯ ಮುಂಭಾಗಕ್ಕೆ ಡ್ರ್ಯಾಗನ್ ಎಂಬ ಮಹಾಸರ್ಪದ ತಲೆಯನ್ನೂ ಹಿಂಭಾಗಕ್ಕೆ ಬಾಲವನ್ನೂ ಕಟ್ಟುತ್ತಾರೆ. ಚೀನೀಯರ ಭಾವನೆಯಲ್ಲಿ ಆ ಸರ್ಪವು ಮಳೆಗೂ ನೀರಿಗೂ ಒಡೆಯ. ಘಾಟಿಯಲ್ಲಿ ಸುಬ್ರಹ್ಮಣ್ಯನನ್ನು ನಾಗರೂಪದಿಂದ ಪೂಜಿಸುವ ನಮಗೆ ಈ ಭಾವನೆ ಹೊಸದಲ್ಲವಷ್ಟೆ. ನಾವು ಇದನ್ನು ನಾಗದೋಣಿಯೆಂದೇ ಕರೆಯುವೆವು.

ನಾಗದೋಣಿಯ ಉದ್ದ ಸುಮಾರು 40 ಅಡಿ. ಅದರಲ್ಲಿ 20 ಮಂದಿ ಇಬ್ಬಿಬ್ಬರಂತೆ ಹತ್ತು ಸಾಲಾಗಿ ಕುಳಿತು ಹುಟ್ಟುಹಾಕುತ್ತಾರೆ. ಮುಂದುಗಡೆ ಒಬ್ಬರು ನಗಾರಿ ಬಾರಿಸಿ ತಾಳವನ್ನು ಕೊಡುತ್ತಾರೆ. ಹಿಂದೆ ಕರ್ಣಧಾರರೊಬ್ಬರು ನಿಂತು ದಾರಿಯನ್ನು ಕಾಯುತ್ತಾರೆ. 1976ರಲ್ಲಿ ಹಾಂಗ್‌ಕಾಂಗಿನಲ್ಲಿ ನಡೆದ ಅಂತರರಾಷ್ಟ್ರೀಯ ಪಂದ್ಯದ ತರುವಾಯ ಈ ಆಟವು ದೇಶದೇಶಗಳಿಗೆ ಹರಡಿತು. ಇದಕ್ಕೆ ಪಳಗಿದ ಅಂಬಿಗರೇ ಬೇಕೆಂಬುದಿಲ್ಲ. ಬ್ಯಾಂಕಿನ ಗುಮಾಸ್ತರು, ಉಪಾಧ್ಯಾಯಿನಿಯರು, ಅಂಗಡಿಯವರು ಕೆಲವು ಗಂಟೆಗಳ ಅಭ್ಯಾಸದಿಂದಲೇ ಪಂದ್ಯಕ್ಕೆ ಇಳಿಯುತ್ತಾರೆ. ಒಬ್ಬನ ತೋಳಿನ ಬಲಕ್ಕಿಂತ ಇಪ್ಪತ್ತು ಹುಟ್ಟುಗಳು ಒಟ್ಟಿಗೆ ನೀರಿಗೆ ಬೀಳುವುದೇ ಇಲ್ಲಿ ಮುಖ್ಯ. ಹವ್ಯಾಸಿಗಳಿಗೆ ಸುಲಭವಾದುದರಿಂದಲೇ ಇದು ಧರ್ಮಕಾರ್ಯಕ್ಕೂ ಒದಗಿಬಂದಿತು. ಪ್ರತಿಯೊಂದು ತಂಡವೂ ಪ್ರವೇಶಧನವನ್ನು ತೆರುತ್ತದೆ. ತಂಡದವರು ನಂಟರಿಷ್ಟರಿಂದ ವಂತಿಗೆಯನ್ನು ಎತ್ತುತ್ತಾರೆ. ವರ್ತಕರು ತಮ್ಮ ಪಾಲನ್ನು ಸೇರಿಸುತ್ತಾರೆ. ಕೆನಡಾ ದೇಶದ ಪೀಟರ್‌ಬರೋ ಪಟ್ಟಣದಲ್ಲಿ 2001ರಲ್ಲಿ ಆರಂಭವಾದ ಪಂದ್ಯದ ಹಣವು ಆ ಊರಿನ ಆಸ್ಪತ್ರೆಯಲ್ಲಿ ಸ್ತನದ ಅರ್ಬುದರೋಗವನ್ನು ಪತ್ತೆಮಾಡುವುದಕ್ಕೂ ಚಿಕಿತ್ಸೆಗೂ ವಿನಿಯೋಗವಾಗಿದೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ದಾನಮಾಡುವವನು ಮೌನವಾಗಿ ಮಾಡಬಾರದೆ? ನಗಾರಿಯೇಕೆ, ಪಂದ್ಯವೇಕೆ, ಬಣ್ಣದ ಅಂಗಿಯೇಕೆ? ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳುತ್ತಾರಲ್ಲವೆ? ಮಾತು ಸರಿಯೇ. ಒಬ್ಬನು ತನ್ನ ಗಂಟಿನಿಂದ ತೆಗೆದುಕೊಡುವಾಗ ಈ ನಿಯಮವೇ ಶ್ರೇಷ್ಠ. ಆದರೆ ಹಲವರು ಕೂಡಿ ಮಾಡುವ ಕಾರ್ಯದ ಧರ್ಮ ಬೇರೆ. ಎಡಗಡೆಯವರು ಮಾಡುವುದು ಬಲಗಡೆಯವರಿಗೆ ತಿಳಿಯದೆ ಹೋದರೆ ದೋಣಿಯು ಓರೆಯಾಗುತ್ತದೆ. ನಮ್ಮ ಶಾಸ್ತ್ರಕಾರರೂ ಕೆರೆ, ಬಾವಿ, ಅರವಟ್ಟಿಗೆ ಮೊದಲಾದ ಲೋಕೋಪಕಾರದ ಕಾರ್ಯಗಳಿಗೆ ಪೂರ್ತವೆಂದು ಹೆಸರಿಟ್ಟು, ಯಜ್ಞಾದಿಗಳಾದ ಇಷ್ಟದೊಡನೆ ಸೇರಿಸಿ ಇಷ್ಟಾಪೂರ್ತವೆಂದರು. ನಮ್ಮ ಸೀಮೆಯ ಜನರು ಬದುಕಿ ಬಂದಿರುವುದು ಈ ಪೂರ್ತದಿಂದಲೇ. ಕೆರೆಯ ಏರಿಯನ್ನು ಕಟ್ಟುವುದು ಗುಟ್ಟಾಗಿ ಆಗುವ ಕೆಲಸವಲ್ಲ.

ನಾಗದೋಣಿಯ ಚರಿತ್ರೆಯಲ್ಲಿ ಹಣಕ್ಕಿಂತಲೂ ದೊಡ್ಡದಾದ ಒಂದು ಲಾಭದ ವೃತ್ತಾಂತವಿದೆ. ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕಾಗುವುದುಂಟು. ಆಗ ದುಗ್ಧರಸವು ಸರಾಗವಾಗಿ ಹರಿಯದೆ ನಿಂತು ತೋಳು ಬಾತುಕೊಳ್ಳಬಹುದು. ಈ ಭಯದಿಂದ, ಅಂತಹ ಸ್ತ್ರೀಯರು ಭಾರವನ್ನೆತ್ತಬಾರದು, ತೋಳಿಗೆ ಬಲವಾದ ಶ್ರಮವನ್ನು ಕೊಡಬಾರದು ಎಂದು ವೈದ್ಯರು ಬಹುಕಾಲ ವಿಧಿಸುತ್ತಿದ್ದರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರಾದ ಡಾನ್ ಮೆಕೆಂಜಿಯವರು ಇದನ್ನು ಪರೀಕ್ಷಿಸದೆ ನಂಬಲೊಪ್ಪಲಿಲ್ಲ. 1996ರಲ್ಲಿ ವ್ಯಾಂಕೂವರಿನಲ್ಲಿ ಚಿಕಿತ್ಸೆ ಮುಗಿಸಿದ್ದ 24 ಮಂದಿ ಸ್ತ್ರೀಯರನ್ನು ಸೇರಿಸಿ, ಕ್ರಮಕ್ರಮವಾಗಿ ವ್ಯಾಯಾಮ ಮಾಡಿಸಿ, ನಾಗದೋಣಿಯಲ್ಲಿ ಕೂರಿಸಿದರು. ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. 1998ರಲ್ಲಿ ಈ ಅನುಭವವನ್ನು ಕೆನಡಾದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ತಂಡಕ್ಕೆ ಅಬ್ರೆಸ್ಟ್ ಇನ್ ಎ ಬೋಟ್ ಎಂದು ಹೆಸರು. ಹೆಸರಿನಲ್ಲಿ ಶ್ಲೇಷವುಂಟು: ದೋಣಿಯಲ್ಲಿ ಒಬ್ಬರ ಪಕ್ಕದಲ್ಲೊಬ್ಬರು ಎಂಬುದು ಒಂದರ್ಥ, ರೋಗಕ್ಕೀಡಾದ ಅವಯವದ ಹೆಸರೂ ಅದರಲ್ಲೇ ಅಡಗಿದೆ. ಅಡಗಿಸಿಟ್ಟಿದ್ದ ಮಾತನ್ನು ಅವರು ಅಂಗಿಯ ಮೇಲೆ ಬರೆದುಕೊಂಡು ಹೊರಟರು. ಈಗ ಅನೇಕ ದೇಶಗಳಲ್ಲಿ ಅಂತಹ ತಂಡಗಳಿವೆ. 2018ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅವರೆಲ್ಲರ ಸಮ್ಮೇಳನವು ನಡೆಯಿತು. ಇಂತಹ ಸಮ್ಮೇಳನಗಳಲ್ಲಿ ದೋಣಿಗಳನ್ನು ಒಟ್ಟಿಗೆ ಸೇರಿಸಿ ನಿಲ್ಲಿಸಿ, ತೀರಿಹೋದ ಸಂಗಾತಿಗಳ ನೆನಪಿಗಾಗಿ ಗುಲಾಬಿ ಬಣ್ಣದ ಹೂಗಳನ್ನು ನೀರಿಗೆ ಬಿಡುವುದು ವಾಡಿಕೆ.

ನಾವು ಈ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಭಾರತದ ಸ್ತ್ರೀಯರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಅರ್ಬುದವು ಇದೇ. ಅರ್ಬುದವೆಂಬ ಹೆಸರು ಸುಶ್ರುತನ ಗ್ರಂಥದಲ್ಲಿಯೇ ಇದೆ. ಹೆಸರು ಅಷ್ಟು ಹಳೆಯದಾದರೂ ನಮ್ಮ ನಾಲಿಗೆಯ ನಾಚಿಕೆ ಮಾತ್ರ ಇನ್ನೂ ಕಳೆದಿಲ್ಲ. ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿದರೆ ಮನೆಯಾಕೆಯು ಅದನ್ನು ಯಜಮಾನರಿಗೆ ಹೇಳಳು, ಸೊಸೆಗೆ ಹೇಳಳು. ಆರಂಭದಲ್ಲಿ ಅದು ಸಾಮಾನ್ಯವಾಗಿ ನೋಯುವುದಿಲ್ಲವಾದುದರಿಂದ, ಮಗಳ ಮದುವೆ ಮುಗಿಯಲಿ, ರೇಷ್ಮೆಯ ಬೆಳೆ ಏರಲಿ ಎಂದು ತಿಂಗಳುಗಳನ್ನು ಕಳೆಯುತ್ತಾಳೆ. ಗಂಟುಗಳೆಲ್ಲವೂ ಅರ್ಬುದವಲ್ಲ, ಬಹುಪಾಲು ನಿರಪಾಯವಾದುವು. ಯಾವುದು ಯಾವುದೆಂದು ಹೇಳಬಲ್ಲವರು ವೈದ್ಯರು ಮಾತ್ರ. ಬೇಗ ಕಂಡರೆ ಗುಣವಾಗುವ ಸಂಭವ ಹೆಚ್ಚು. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು ಬೆಂಗಳೂರಿನಲ್ಲಿಯೇ ಇದೆ. ಬೆಳಗಿನ ಬಸ್ಸಿಗೆ ಹೊರಟವರು ಮಧ್ಯಾಹ್ನದೊಳಗೆ ತಲಪಬಹುದು. ದಾರಿಯು ದೂರವಲ್ಲ, ಅಡ್ಡವಾಗಿರುವುದು ಸಂಕೋಚ.

ನಮ್ಮಲ್ಲಿ ನಾಗದೋಣಿ ಇಲ್ಲದಿದ್ದರೇನಂತೆ? ಬೆಟ್ಟವಿದೆ, ಕೆರೆಯ ಏರಿಯಿದೆ. ತರುಣರು ಮೋಜಿಗಾಗಿ ಸ್ಕಂದಗಿರಿಯನ್ನು ಏರುವಂತೆ ಒಂದು ದಿನ ಧರ್ಮಕ್ಕಾಗಿಯೂ ಏರಬಹುದು. ಬೆಟ್ಟವನ್ನು ಹತ್ತಲಾರದವರು ಕಂದವಾರದ ಕೆರೆಯ ಕಡೆಗೆ ಒಟ್ಟಾಗಿ ನಡೆಯಬಹುದು. ಹೀಗೆ ಮಾಡುವವರು ಮೂರು ವಿಷಯಗಳನ್ನು ಮರೆಯಬಾರದು. ಮೊದಲನೆಯದು, ಬಂದ ಹಣವೆಷ್ಟು, ಉತ್ಸವಕ್ಕೆ ತಗಲಿದುದೆಷ್ಟು, ರೋಗಿಗಳಿಗೆ ಸೇರಿದುದೆಷ್ಟು ಎಂಬ ಲೆಕ್ಕವನ್ನು ಎಲ್ಲರೂ ಓದುವ ಸ್ಥಳದಲ್ಲಿ ಅಂಟಿಸಬೇಕು. ಎರಡನೆಯದು, ಮಾಲೆ, ಪೆಂಡಾಲು, ಭೋಜನಗಳು ಸಂಗ್ರಹವನ್ನೇ ನುಂಗಬಾರದು. ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಯಾರಿಗಾಗಿ ಹಣವೆತ್ತುವೆವೋ ಅವರನ್ನು ವೇದಿಕೆಯ ಮೇಲೆ ಕನಿಕರದ ಬೊಂಬೆಗಳಂತೆ ಕೂರಿಸದೆ, ಶಕ್ತಿಯುಳ್ಳವರನ್ನು ವೈದ್ಯರ ಅನುಮತಿಯಿಂದ ನಮ್ಮ ಸಾಲಿನಲ್ಲಿಯೇ ಸೇರಿಸಿಕೊಳ್ಳಬೇಕು. ವ್ಯಾಂಕೂವರಿನ ಆ 24 ಮಂದಿಗೆ ದೊರೆತುದು ಬರಿಯ ದಾನವಲ್ಲ. ಅವರ ಕೈಗೆ ಒಂದೊಂದು ಹುಟ್ಟನ್ನು ಕೊಟ್ಟರು.

ಮೆರವಣಿಗೆ ಹೊರಡುವುದಕ್ಕೆ ಇನ್ನೂ ದಿನಗಳು ಬೇಕಾಗಬಹುದು. ಅದಕ್ಕೆ ಮುಂಚೆ ಮಾಡತಕ್ಕ ಕೆಲಸವೊಂದಿದೆ. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಈ ಪುಟವನ್ನು ಓದಿ ಮುಗಿಸಿದವರು ಮನೆಯ ತಾಯಿಯನ್ನೋ ಅಕ್ಕನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಹೇಳದೆ ಇಟ್ಟುಕೊಂಡಿರುವ ನೋವೇನಾದರೂ ಉಂಟೇ ಎಂದು ಮೆಲ್ಲನೆ ಕೇಳಲಿ.